ಸಾರು ಬಡಿಸುವ ಕೈ ನಡುಗಿದರೆ

ನಮ್ಮ ಮಂಡ್ಯದ ಕಡೆ ಬಾಯಿಬಿಡದ ಹುಡುಗನಿಗೆ ‘ಸಾಧು’ ಎಂಬ ಹೆಸರು ಬೇಗ ಸಿಗುತ್ತದೆ. ನನಗೂ ಸಿಕ್ಕಿತ್ತು. ತರಗತಿಯಲ್ಲಿ ಹಾಜರಿ ಕೂಗುತ್ತಾ ನನ್ನ ಹೆಸರು ಹತ್ತಿರವಾದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರನ್ನು ಬಾಕಿ ಚಿಲ್ಲರೆ ಕೇಳಲಾಗದೆ ಇಳಿದುಬಿಡುತ್ತಿದ್ದೆ. ಇದನ್ನೆಲ್ಲ ದೊಡ್ಡವರು ಒಳ್ಳೆಯ ಗುಣವೆಂದೇ ತಿಳಿದರು.

ಬೀಗರ ಊಟವೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಪಂಕ್ತಿಯಲ್ಲಿ ಕುಳಿತವರಿಗೆ ಸಾರು ಬಡಿಸುವಾಗ ಕೈ ನಡುಗುವುದು ಯಾರಿಗೂ ಕಾಣದಿರಲೆಂದು ಸೌಟನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಬಿಗಿ ಹಿಡಿದಷ್ಟೂ ನಡುಕ ಹೆಚ್ಚುತ್ತಿತ್ತು.

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಃಶಾಸ್ತ್ರಜ್ಞರು 1995ರಲ್ಲಿ ಮಂಡಿಸಿದ ವಿವರಣೆಯನ್ನು ಓದಿದಾಗ ನನಗೆ ಹೊಳೆದದ್ದು ಆ ಸೌಟೇ. ಸಾಮಾಜಿಕ ಆತಂಕ, ಅಂದರೆ ನಾಲ್ಕು ಜನರ ಮುಂದೆ ಅತಿಯಾಗಿ ಕಾಡುವ ಭಯ, ಇರುವವರು ಎದುರಿನವರನ್ನು ನೋಡುವುದೇ ಇಲ್ಲ, ತಮ್ಮನ್ನೇ ಒಳಗಿನಿಂದ ಕಾವಲು ಕಾಯುತ್ತಾರೆ. ಒಳಗೆ ಅನಿಸಿದ್ದೆಲ್ಲ ಹೊರಗೂ ಕಾಣುತ್ತಿದೆ ಎಂದು ನಂಬುತ್ತಾರೆ. ಮರ್ಯಾದೆ ಉಳಿಸಿಕೊಳ್ಳಲು ಮಾಡುವ ಉಪಾಯಗಳೇ ಭಯಕ್ಕೆ ಮೇವಾಗುತ್ತವೆ. ಮನೆಗೆ ಬಂದ ಮೇಲೆ ಆಡಿದ ಒಂದೊಂದು ಮಾತನ್ನೂ ರಾತ್ರಿಯಿಡೀ ಕೆದಕುವುದೂ ಇದರ ಭಾಗವೇ.

ಈ ವಿವರಣೆಯಿಂದ ಹುಟ್ಟಿದ ಚಿಕಿತ್ಸೆಯಲ್ಲಿ ನನ್ನನ್ನು ಅಲುಗಾಡಿಸಿದ್ದು ವಿಡಿಯೊ. ಮೈಸೂರಿನ ಮನಃಶಾಸ್ತ್ರಜ್ಞೆಯೊಬ್ಬರು ನಾನು ಅಪರಿಚಿತರೊಬ್ಬರ ಜೊತೆ ಮಾತನಾಡುವುದನ್ನು ಮೊಬೈಲಿನಲ್ಲಿ ಚಿತ್ರಿಸಿದರು. ತೋರಿಸುವ ಮೊದಲು, ‘ನೀವು ಹೇಗೆ ಕಂಡಿರುತ್ತೀರಿ, ಬರೆಯಿರಿ’ ಎಂದರು. ಬೆವರುತ್ತಿರುವ ಮುಖ, ಒಡೆದ ದನಿ, ನಡುಗುವ ಗಲ್ಲ ಎಂದು ಬರೆದೆ. ‘ಈಗ ಯಾರೋ ಗೊತ್ತಿಲ್ಲದವರನ್ನು ನೋಡುವ ಹಾಗೆ ನೋಡಿ’ ಎಂದರು. ಪರದೆಯ ಮೇಲಿದ್ದವನು ಆಗಾಗ ನೆಲ ನೋಡುತ್ತಿದ್ದ, ಅಷ್ಟೇ. ಬೆವರು ಕಾಣಲಿಲ್ಲ, ದನಿ ಸರಿಯಾಗಿಯೇ ಇತ್ತು. ಹದಿಹರೆಯದಿಂದ ಹೊತ್ತು ತಿರುಗಿದ ಆ ಚಿತ್ರ ನಿಜವಲ್ಲ ಎಂದು ಕಣ್ಣಾರೆ ಕಂಡು ಅಲ್ಲೇ ಅತ್ತುಬಿಟ್ಟೆ.

ಇದು ನನ್ನೊಬ್ಬನ ಅದೃಷ್ಟವಲ್ಲ. 2014ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆ ಸಾಮಾಜಿಕ ಆತಂಕದ ಚಿಕಿತ್ಸೆಗಳ 101 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. 13,000ಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕೊಡುವ ಸಿಬಿಟಿ, ಅಂದರೆ ಯೋಚನೆ, ನಡವಳಿಕೆಗಳನ್ನು ಬದಲಿಸುವ, ನಾನು ಪಡೆದಂಥ ಮಾತಿನ ಚಿಕಿತ್ಸೆ, ಮೊದಲ ಆಯ್ಕೆಯಾಗಲಿ ಎಂದಿತು. ಎಸ್‌ಎಸ್‌ಆರ್‌ಐ ಗುಂಪಿನ, ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಮಾತ್ರೆಗಳೂ ಕೆಲಸ ಮಾಡುತ್ತವೆ. ಮಾತ್ರೆ ನುಂಗುವುದು ನಾಚಿಕೆಯ ವಿಷಯವಲ್ಲ.

ಇನ್ನೂ ಈಚಿನ, ನನಗೆ ಹೆಚ್ಚು ಭರವಸೆ ಕೊಟ್ಟ ಸಂಗತಿಯೆಂದರೆ ಕ್ಲಾರ್ಕ್ ತಂಡವೇ ಇದೇ ಚಿಕಿತ್ಸೆಯನ್ನು ಅಂತರ್ಜಾಲದ ಮೂಲಕ ಕೊಟ್ಟು ನೋಡಿದ್ದು. 102 ಜನರ ಆ ಪ್ರಯೋಗದಲ್ಲಿ ಎದುರು ಕುಳಿತು ಪಡೆದ ಚಿಕಿತ್ಸೆಯಷ್ಟೇ ಫಲ ಸಿಕ್ಕಿತು, ಚಿಕಿತ್ಸಕರ ಸಮಯ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ನಾಗಮಂಗಲದ ಹಳ್ಳಿಯೊಂದರಿಂದ ಮೈಸೂರಿಗೆ ವಾರವಾರ ಬರಲು ಯಾರಿಗೆ ಸಾಧ್ಯ? ಅಂಥದ್ದೊಂದು ಕನ್ನಡದಲ್ಲಿ, ನಮ್ಮ ಬೀಗರ ಊಟ, ನಮ್ಮ ಗ್ರಾಮಸಭೆಗಳ ಉದಾಹರಣೆಗಳೊಂದಿಗೆ ಬರಲೇಬೇಕು.

ಈಗ ನಾನು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವ್ಯಾಪಾರಿಗಳಿಗೆ ನಾನೇ ಫೋನ್ ಮಾಡುತ್ತೇನೆ, ಏನು ಹೇಳಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳುವುದಿಲ್ಲ. ಭಯ ಪೂರ್ತಿ ಹೋಗಿಲ್ಲ.

ಈ ತೊಂದರೆ ಹೆಚ್ಚಾಗಿ ಶುರುವಾಗುವುದು ಹೈಸ್ಕೂಲಿನ ವಯಸ್ಸಿನಲ್ಲಿ. ಒಂಬತ್ತನೆಯ ತರಗತಿಯಲ್ಲಿರುವ ಅಕ್ಕನ ಮಗ ಭಾಷಣ ಸ್ಪರ್ಧೆಯ ದಿನ ಹೊಟ್ಟೆನೋವೆಂದು ಮಲಗುತ್ತಾನೆ. ‘ಬೆಳೆದ ಮೇಲೆ ಸರಿಹೋಗುತ್ತಾನೆ ಬಿಡೋ’ ಎಂದಳು ಅಕ್ಕ. ಬಿಡಲಿಲ್ಲ. ಸೋಮವಾರ ಮೂವರೂ ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗುತ್ತಿದ್ದೇವೆ. ಆಸ್ಪತ್ರೆಯ ಬಾಗಿಲಿಗೆ ಹೋಗಲೂ ಅಂಜುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಹಣವಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.