ಎಳೆ ಚಾಚಿದ ಕೋಶಗಳು

ಇಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಕಂಡ ನ್ಯೂರೋಬ್ಲಾಸ್ಟೋಮಾ ಎಂಬ ನರಸಂಬಂಧಿ ಕ್ಯಾನ್ಸರ್‌ನ ಕೋಶಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಎ ಜೀವಸತ್ವದಿಂದ ಹುಟ್ಟುವ ರೆಟಿನೋಯಿಕ್ ಆಮ್ಲವನ್ನು ಕೆಲವು ದಿನ ಕೊಟ್ಟ ತಟ್ಟೆಯಲ್ಲಿ, ಒತ್ತೊತ್ತಾಗಿ ವಿಭಜಿಸುತ್ತಿದ್ದ ಕೋಶಗಳು ಬಿಡಿಬಿಡಿಯಾಗಿ, ನರಕೋಶಗಳಂತೆ ತೆಳುವಾದ ಉದ್ದನೆಯ ಎಳೆಗಳನ್ನು ಚಾಚಿದ್ದವು.

ಈ ಆಮ್ಲವು ಕೋಶಕೇಂದ್ರದ ಗ್ರಾಹಕಗಳಿಗೆ ಅಂಟಿಕೊಂಡು ವಂಶವಾಹಿಗಳನ್ನು ಎಚ್ಚರಿಸುವುದಷ್ಟೇ ಅಲ್ಲ, ಕೋಶದೊಳಗೆ ಸಂದೇಶ ದಾಟಿಸುವ ಇಆರ್‌ಕೆಯಂತಹ ಕೈನೇಸ್ ಕಿಣ್ವಗಳ ಸಂಕೇತಸರಣಿಯನ್ನೂ ಚುರುಕುಗೊಳಿಸುತ್ತದೆ. ಎಚ್‌ಎಲ್-60 ಎಂಬ ರಕ್ತಕ್ಯಾನ್ಸರ್ ಕೋಶಗಳಲ್ಲಿ ಆ ಸರಣಿಯನ್ನು ತಡೆದರೆ, ಆಮ್ಲವಿದ್ದರೂ ಅವು ಸರಿಯಾಗಿ ಪಕ್ವವಾಗುವುದಿಲ್ಲ.

ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲದೆ, ಅರ್ಧಕ್ಕೆ ನಿಂತ ಅದರ ಬೆಳವಣಿಗೆಯನ್ನು ಪೂರ್ಣಗೊಳಿಸಬಹುದೆಂಬ ಈ ಯೋಚನೆ ನನಗೆ ಬಹಳ ಪ್ರಿಯ. ಶಾಂಘೈನ ವೈದ್ಯರು 1988ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರ್‌ನ 24 ರೋಗಿಗಳ ಪೈಕಿ 23 ಮಂದಿಯಲ್ಲಿ ಈ ಆಮ್ಲವೊಂದರಿಂದಲೇ ರೋಗ ಶಮನಗೊಂಡಿತ್ತು.