ಬೆಟ್ಟು ಅಂದರೆ ಬೆಟ್ಟ ಅಲ್ಲ

ಸಾಗರಕ್ಕೆ ಹೋದಾಗಲೆಲ್ಲ ನಮ್ಮ ಚಿಕ್ಕಮ್ಮ ಕೇಳುವುದು ಒಂದೇ ಪ್ರಶ್ನೆ. "ಅಲ್ವೇ, ಆ ಮಲಯಾಳದವರ ಕೋರ್ಟಲ್ಲಿ ನೀನು ಎಂತ ಮಾತಾಡ್ತೀಯೆ?" ಇಂಗ್ಲಿಷು ಅಂದರೆ ಅವರಿಗೆ ಸಮಾಧಾನ ಇಲ್ಲ. ಕನ್ನಡವೂ ನಡೆಯುತ್ತದೆ ಅಂದರೆ ನಂಬುವುದಿಲ್ಲ. ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಮನೆಗೆ ಬಂದವಳು ನಾನು. ಅದಕ್ಕೂ ಮೊದಲು ಶಿವಮೊಗ್ಗದಲ್ಲಿ ಸೀನಿಯರ್ ಒಬ್ಬರ ಹತ್ತಿರ ನಾಲ್ಕು ವರ್ಷ ಫೈಲು ಹೊತ್ತಿದ್ದೆ. ವಕೀಲಿಯ ಸನ್ನದು ಕರ್ನಾಟಕದ್ದು. ವಕೀಲರ ಕಾಯ್ದೆಯ ಸೆಕ್ಷನ್ 30 ಜಾರಿಗೆ ಬಂದದ್ದು 2011ರಲ್ಲಿ. ಅದರ ಪ್ರಕಾರ ದೇಶದ ಯಾವ ಕೋರ್ಟಲ್ಲಾದರೂ ನಿಂತು ವಾದ ಮಾಡಬಹುದು. ಆದರೆ ಇನ್ನು ಮುಂದೆ ಬದುಕು ಇಲ್ಲೇ ಅಂತಾದ ಮೇಲೆ ಹೆಸರೂ ಇಲ್ಲಿಯ ಪಟ್ಟಿಯಲ್ಲೇ ಇರಲಿ ಅನ್ನಿಸಿತು. ಸೆಕ್ಷನ್ 18ರ ಅರ್ಜಿ ಹಾಕಿ ಕೇರಳದ ಬಾರ್ ಕೌನ್ಸಿಲ್ಲಿಗೆ ವರ್ಗ ಮಾಡಿಸಿಕೊಂಡೆ. ಅದಕ್ಕೆ ಫೀಸಿಲ್ಲ, ತಾಳ್ಮೆ ಬೇಕು.

ಆಫೀಸು ಮಾಡಿದ್ದು ಕಾಸರಗೋಡಿನ ವಿದ್ಯಾನಗರದಲ್ಲಿ. ಜಿಲ್ಲಾ ಕೋರ್ಟು, ಕಲೆಕ್ಟರ್ ಆಫೀಸು ಎಲ್ಲ ಅಲ್ಲೇ. ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಮೇಜು, ಮೂರು ಕುರ್ಚಿ, ಗಂಡನ ಹಳೇ ಪ್ರಿಂಟರು. ಚಂದ್ರಗಿರಿ ಹೊಳೆ ಇರುವುದು ಇಲ್ಲಿಂದ ದಕ್ಷಿಣಕ್ಕೆ. ಹೊಳೆಯ ಉತ್ತರದ ಭಾಗವನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತ್ತಲ್ಲ, ಅದು ನಡೆದಿದ್ದರೆ ನನಗೆ ಈ ವರ್ಗಾವಣೆಯ ಅರ್ಜಿಯೇ ಬೇಕಾಗುತ್ತಿರಲಿಲ್ಲ!

ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ಬೋರ್ಡು ಸಹ ಮಿತವಾದ ಅಳತೆಯಲ್ಲಿರಬೇಕು. "ಸಿವಿಲ್ ಸ್ಪೆಷಲಿಸ್ಟ್ ಅಂತ ಹಾಕುವನಾ ಮೇಡಂ?" ಅಂತ ಪೇಂಟರ್ ಉತ್ಸಾಹದಿಂದ ಕೇಳಿದ. ಅದನ್ನೂ ಹಾಕುವಂತಿಲ್ಲ. ಹೆಸರು, ಅಡ್ವೊಕೇಟ್, ಅಷ್ಟೇ. ಅದನ್ನೇ ಮೂರು ಲಿಪಿಯಲ್ಲಿ ಬರೆಸಿದೆ. ಕನ್ನಡ ಮೇಲೋ ಮಲಯಾಳ ಮೇಲೋ ಅಂತ ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗುಮಾಸ್ತರೇ ತೀರ್ಮಾನ ಮಾಡಿದರು. "ಮಲಯಾಳ ಮೇಲಿರಲಿ. ಕನ್ನಡದವರು ಹೇಗೂ ಹುಡುಕಿಕೊಂಡು ಬರ್ತಾರೆ."

ಈ ಗುಮಾಸ್ತರ ಬಗ್ಗೆ ಒಂದು ಮಾತು. ಇಲ್ಲಿ ವಕೀಲರಿಗೆ ಗುಮಾಸ್ತರಿಲ್ಲದೆ ಬೆಳಗಾಗುವುದಿಲ್ಲ. ನನ್ನವರು ಬಂದವರ ಮುಖ ನೋಡಿಯೇ ತುಳುವೋ ಮಲಯಾಳವೋ ಕೊಂಕಣಿಯೋ ಅಂತ ತಿಳಿದು, ಅದೇ ಭಾಷೆಯಲ್ಲಿ ಕೂರಿಸುತ್ತಾರೆ. ಮೊದಲ ವಾರ ಒಬ್ಬರು "ಆಧಾರ ತಂದಿದ್ದೇನೆ" ಅಂದರು. ನಾನು, "ಸದ್ಯಕ್ಕೆ ಕಾರ್ಡಿನ ಜೆರಾಕ್ಸ್ ಸಾಕು" ಅಂದೆ. ಗುಮಾಸ್ತರು ಕೆಮ್ಮಿದರು. ಇಲ್ಲಿ ಆಧಾರ ಅಂದರೆ ಜಾಗದ ದಸ್ತಾವೇಜು.

ಮೊದಲ ಆರು ತಿಂಗಳು ಬಾಡಿಗೆ ಕೊಟ್ಟದ್ದು ಗಂಡನ ಸಂಬಳದಿಂದ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸ್ವಂತ ಆಫೀಸು ತೆರೆದವರಿಗೆ ಗೊತ್ತಿರುತ್ತದೆ. ಮಲಯಾಳ ಓದಲು ಬರುವುದಿಲ್ಲ ಅನ್ನುವ ಹೆದರಿಕೆ ಬೇರೆ. ವಿಲೇಜ್ ಆಫೀಸಿನ ಕಾಗದ ಪೂರಾ ಮಲಯಾಳ. ರಾತ್ರಿ ಪಕ್ಕದ ಮನೆ ಹುಡುಗಿಯ ಒಂದನೇ ಕ್ಲಾಸಿನ ಪುಸ್ತಕ ಹಿಡಿದು ಕೂರುತ್ತಿದ್ದೆ.

ಆಗ ಬಂದರು ಬದಿಯಡ್ಕ ಕಡೆಯ ಒಬ್ಬ ಅಜ್ಜ. ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆ, ಬಟ್ಟೆಯೊಳಗೆ 1930ರ ದಶಕದ ಕಾಗದ. 1956ರ ನವೆಂಬರ್ 1ರವರೆಗೆ ಇದು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆ ಅಲ್ವಾ? ಈ ಕಡೆಯ ಹಳೇ ಕಾಗದ ಬಹಳಷ್ಟು ಕನ್ನಡದಲ್ಲೇ ಇವೆ. ಮೂಲಗೇಣಿ ಚೀಟು, ಅಡವು ಪತ್ರ, ಇಷ್ಟು ಮುಡಿ ಅಕ್ಕಿ ಗೇಣಿ, ಪೂರ್ವಕ್ಕೆ ತೋಡು (ಸಣ್ಣ ಹಳ್ಳ), ಪಶ್ಚಿಮಕ್ಕೆ ಇಂಥವರ ವರ್ಗ ಜಾಗ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗ. ಅಕ್ಷರಗಳು ಒಂದಕ್ಕೊಂದು ಕೈಹಿಡಿದುಕೊಂಡು ಓಡುತ್ತವೆ. ಅಜ್ಜ ಎರಡು ಕಡೆ ಕೇಳಿ ಬಂದಿದ್ದರು, ಓದುವವರು ಸಿಕ್ಕಿರಲಿಲ್ಲ. ನಾನು ಗಡಗಡ ಓದಿದೆ. ಅವರ ಮುಖ ಅರಳಿತು. ನನಗೆ ಸ್ವಲ್ಪ ಜಾಸ್ತಿಯೇ ಧೈರ್ಯ ಬಂತು.

ಆ ಧೈರ್ಯದಲ್ಲೇ ಎಡವಿದೆ. ಕಾಗದದಲ್ಲಿ "ಬೆಟ್ಟು" ಅಂತಿತ್ತು. ನಮ್ಮ ಕಡೆ ಸೊಪ್ಪಿನ ಬೆಟ್ಟ ನೋಡಿ ಬೆಳೆದವಳು ನಾನು. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ದಾವೆಯಲ್ಲಿ ಜಾಗದ ವಿವರ ಕೊಡುವ ಷೆಡ್ಯೂಲಿನಲ್ಲಿ ಇಂಗ್ಲಿಷಿಗೆ ಇಳಿಸುವಾಗ ಗುಡ್ಡದ ಜಾಗ ಅಂತ ಬರೆದುಬಿಟ್ಟೆ. ಎದುರಿನ ವಕೀಲರು ಎದ್ದು ನಿಂತು, ವಾದಿಗಳು ಗುಡ್ಡ ಕೇಳುತ್ತಿದ್ದಾರೆ, ನಮ್ಮ ಹತ್ತಿರ ಇರುವುದು ಗದ್ದೆ ಅಂದರು. ಕೋರ್ಟಿನಲ್ಲಿ ನಾಲ್ಕು ಜನ ನಕ್ಕರು.

ಹೊರಗೆ ಬಂದ ಮೇಲೆ ಅಜ್ಜ ಸಿಟ್ಟೂ ಮಾಡಲಿಲ್ಲ. "ಬೆಟ್ಟು ಅಂದ್ರೆ ಮೇಲಿನ ಗದ್ದೆ ಮಾರಾಯ್ರೇ. ಮಳೆ ನೀರಲ್ಲಿ ಒಂದು ಬೆಳೆ. ಅದರ ಕೆಳಗಿನದ್ದು ಮಜಲು. ಎಲ್ಲಕ್ಕಿಂತ ಕೆಳಗೆ, ನೀರು ನಿಲ್ಲುವಲ್ಲಿ ಬೈಲು. ನಿಮ್ಮ ಊರಲ್ಲಿ ಗದ್ದೆಯೇ ಇಲ್ವಾ?" ನಮ್ಮ ಸೊಪ್ಪಿನ ಬೆಟ್ಟಕ್ಕೆ ಹತ್ತಿರದ್ದು ಇಲ್ಲಿ ಕುಮ್ಕಿಯಂತೆ. ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗ. ಸೊಪ್ಪು, ಸೌದೆ ತೆಗೆಯಬಹುದು. ನಾನು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಡೈರಿಯಲ್ಲಿ ಬರೆದುಕೊಂಡೆ. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 6 ರೂಲ್ 17ರಲ್ಲಿ ದಾವೆಯ ತಿದ್ದುಪಡಿ ಅರ್ಜಿ ಹಾಕಿದೆ. ಅದರ ಖರ್ಚು ನನ್ನದೇ.

ಕೇಸು ಆಮೇಲೆ ರಾಜಿಯಾಯಿತು. ಅದಕ್ಕೂ ಮೊದಲು ಅಜ್ಜ ಒಂದು ಪ್ರಸ್ತಾಪ ಇಟ್ಟಿದ್ದರು. "ಗೆದ್ರೆ ಹತ್ತು ಸೆಂಟ್ಸ್ ನಿಮಗೆ." ಸೆಂಟ್ಸ್ ಲೆಕ್ಕ ನನಗೆ ಆಗಿನ್ನೂ ಹೊಸದು. ಹತ್ತು ಸೆಂಟ್ಸ್ ಅಂದರೆ ನಮ್ಮ ನಾಲ್ಕು ಗುಂಟೆ, ಒಂದು ಒಳ್ಳೇ ಮನೆ ಜಾಗ. ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಫೀಸು ಮಾತಾಡುವಂತಿಲ್ಲ ಅಂದೆ. "ಹಾಗಾದ್ರೆ ಸೋತ್ರೂ ಕೊಡ್ಬೇಕಾ?" ಅಂತ ಅವರಿಗೆ ನಿಜಕ್ಕೂ ಬೇಜಾರಾಯಿತು. ಕೊನೆಗೆ ಎರಡು ಕಂತಿನಲ್ಲಿ ಫೀಸು ಕೊಟ್ಟರು, ಜೊತೆಗೆ ಒಂದು ಗೊನೆ ಕದಳಿ.

ಆಮೇಲೆ ಬಂದ ಪಾರ್ಟಿಗಳಲ್ಲಿ ಅರ್ಧದಷ್ಟು ಜನ ಅಜ್ಜ ಕಳಿಸಿದವರೇ. ಮಂಜೇಶ್ವರ, ಪೈವಳಿಕೆ, ಮುಳ್ಳೇರಿಯದಿಂದ ಬಂದರು. ಎಲ್ಲರ ಕೈಯಲ್ಲೂ ಬಟ್ಟೆ ಸುತ್ತಿದ ಕಾಗದ. ಗೇಣಿಯ ತಗಾದೆ ನನಗೆ ಹೊಸದಲ್ಲ, ಗೇಣಿದಾರರ ಹೋರಾಟ ನಡೆದ ಕಾಗೋಡಿನ ತಾಲೂಕಿನವಳು ನಾನು. ಆದರೆ ನಮ್ಮಲ್ಲಿ ಭೂಸುಧಾರಣೆಯ ಲೆಕ್ಕ ಶುರುವಾಗುವುದು 1974ರ ಮಾರ್ಚ್ 1ರಿಂದ, ಇಲ್ಲಿ 1970ರ ಜನವರಿ 1ರಿಂದ. ನಮ್ಮವರು "ಡಿಕ್ಲರೇಶನ್ ಕೊಟ್ಟಿದ್ರಾ?" ಅಂತ ಗೇಣಿದಾರನ ಅರ್ಜಿಯ ಬಗ್ಗೆ ಕೇಳುವ ಜಾಗದಲ್ಲಿ ಇಲ್ಲಿ "ಪಟ್ಟಯ ಆಗಿದೆಯಾ?" ಅಂತ, ಅಂದರೆ ಹಕ್ಕುಪತ್ರ ಸಿಕ್ಕಿದೆಯಾ ಅಂತ ಕೇಳಬೇಕು.

ಈಗ ಕುರ್ಚಿ ಆರಾಗಿವೆ. ಜೂನಿಯರ್ ಹುಡುಗಿ ಕಾಞಂಗಾಡಿನವಳು, ಮನೆಮಾತು ಮಲಯಾಳ. ನನಗೆ ವಿಲೇಜ್ ಆಫೀಸಿನ ಕಾಗದ ಓದಿಕೊಡುತ್ತಾಳೆ, ನಾನು ಅವಳಿಗೆ ಒತ್ತಕ್ಷರ ಹೇಳಿಕೊಡುತ್ತೇನೆ.

ಹೋದ ಗುರುವಾರ, ಅವತ್ತು ನನ್ನನ್ನು ಗುಡ್ಡ ಹತ್ತಿಸಿದ ಅದೇ ವಕೀಲರು ಗೆದ್ದಲು ತಿಂದ ಕಾಗದವೊಂದನ್ನು ಹಿಡಿದು ಬಂದರು. "ಇದೊಂದು ಕನ್ನಡ. ಓದಿ ಕೊಡಬೇಕು." ಇಡೀ ಮಧ್ಯಾಹ್ನ ಓದಿದೆವು. ಒಂದು ಪದ ಮಾತ್ರ ನನಗೂ ಹತ್ತಲಿಲ್ಲ. ಜಾಗದ ಜಾತಿ ಹೇಳುವ ಕಾಲಮಿನಲ್ಲೇ ಇತ್ತು. ಊಹೆ ಮಾಡುವ ಧೈರ್ಯ ಈಗ ನನಗಿಲ್ಲ. ಬದಿಯಡ್ಕಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅಕ್ಷರ ಆಮೇಲೆ ಹೇಳಿ ಮಾರಾಯ್ರೇ," ಅಂದರು ಅಜ್ಜ. "ಮೊದಲು, ತೋಡಿನಿಂದ ಮೇಲೆಯಾ ಕೆಳಗೆಯಾ?"