ದೈವ ಬಂದಾಗ ದೇಹದಲ್ಲಿ ಏನಾಗುತ್ತದೆ?

“ಮಾಸ್ಟ್ರೇ, ನೀವು ಜೀವಶಾಸ್ತ್ರ ಕಲಿಸಿದವರು. ಮೈಮೇಲೆ ದೈವ ಬರುವುದು ನಿಜವೋ, ನರಗಳ ಆಟವೋ?” ಕಾಸರಗೋಡಿನಲ್ಲಿ ಕೋಲ, ತೆಯ್ಯ ಎಂಬ ದೈವಾರಾಧನೆಗಳ ಕಾಲ ಶುರುವಾದರೆ ಸಾಕು, ಮದುವೆಯ ಪಂಕ್ತಿಯಲ್ಲಿ ಕುಳಿತರೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕೆಲವರಿಗೆ ನನ್ನ ಬಾಯಿಂದ ‘ಎಲ್ಲ ನಟನೆ’ ಎಂದು ಬರಬೇಕು, ಕೆಲವರಿಗೆ ‘ವಿಜ್ಞಾನವೂ ಒಪ್ಪಿದೆ’ ಎಂದು. ಎರಡೂ ಬರುವುದಿಲ್ಲ.

ಬರೀ ನಟನೆ ಎನ್ನುವವರು ಬಾಲಿ ದ್ವೀಪದ ಕಡೆ ನೋಡಬೇಕು. ಅಲ್ಲಿನ ಒಂದು ಆರಾಧನಾ ತಂಡದವರ ರಕ್ತವನ್ನು ಆಚರಣೆಯ ಮೊದಲು ಮತ್ತು ಆಮೇಲೆ ಪರೀಕ್ಷಿಸಿದ ಜಪಾನಿ ಸಂಶೋಧಕರ ವರದಿ 2001ರಲ್ಲಿ ಪ್ರಕಟವಾಯಿತು. ತಂಡದ ಕೆಲವರಿಗೆ ಆವೇಶ ಬಂದಿತ್ತು, ಉಳಿದವರಿಗೆ ಇಲ್ಲ. ಆವೇಶ ಬಂದವರ ರಕ್ತದಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್, ಬೀಟಾ ಎಂಡಾರ್ಫಿನ್ ಎಂಬ ರಸಾಯನಗಳು ಏರಿದ್ದವು. ಕೊನೆಯದು ದೇಹ ತಾನೇ ತಯಾರಿಸಿಕೊಳ್ಳುವ ನೋವುನಿವಾರಕ.

ದೈವ ಕೆಂಡದ ಮೇಲೆ ಬೀಳುವ ನಮ್ಮ ಒತ್ತೆಕೋಲವನ್ನು ನೋಡಿ. ರಾತ್ರಿ ಬೆಂಕಿ ಕೊಟ್ಟ ‘ಮೇಲೇರಿ’ ಎಂಬ ಸೌದೆಯ ಒಟ್ಟಿಲು ಬೆಳಗಿನ ಜಾವಕ್ಕೆ ಕೆಂಡದ ರಾಶಿಯಾಗಿರುತ್ತದೆ. ಹತ್ತಿರ ನಿಂತರೆ ಮುಖ ಕಾಯುತ್ತದೆ. ಸೊಂಟಕ್ಕೆ ತೆಂಗಿನ ಎಳೆಗರಿ ಕಟ್ಟಿಕೊಂಡ ವಿಷ್ಣುಮೂರ್ತಿ ದೈವ ಅದರ ಮೇಲೆ ಮೈಚೆಲ್ಲಿ ಬೀಳುತ್ತದೆ, ಜೊತೆಗಿದ್ದವರು ಮರುಕ್ಷಣವೇ ಎಳೆದುಕೊಳ್ಳುತ್ತಾರೆ, ದೈವ ಮತ್ತೆ ನುಗ್ಗುತ್ತದೆ. ಹಸಿ ಗರಿಯಲ್ಲಿ ನೀರಿನ ಅಂಶವಿದೆ. ಬೂದಿ ಮುಚ್ಚಿದ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ. ಚರ್ಮ ಉಳಿಯುವುದಕ್ಕೆ ಇಷ್ಟು ಭೌತಶಾಸ್ತ್ರ ನೆರವಾಗುತ್ತದೆ. ಮತ್ತೆ ಮತ್ತೆ ಬೀಳುವ ಧೈರ್ಯಕ್ಕೆ ಬಹುಶಃ ಆ ರಸಾಯನಗಳೂ ಬೇಕು, ಉಪವಾಸ, ವ್ರತ, ಚೆಂಡೆಯ ಪೆಟ್ಟು, ಚಿಕ್ಕಂದಿನಿಂದ ಪಳಗಿದ ಮೈಯೂ ಬೇಕು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಸುತ್ತ ನಿಂತವರ ಸ್ಥಿತಿ. ಸ್ಪೇನಿನ ಸ್ಯಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲೂ ಜೂನ್ ತಿಂಗಳ ಒಂದು ರಾತ್ರಿ ಕೆಂಡ ಹಾಯುತ್ತಾರೆ. ಅಲ್ಲಿ ಎದೆಬಡಿತವನ್ನು ಅಳೆದ ಅಧ್ಯಯನ 2011ರಲ್ಲಿ ಹೊರಬಂತು. ಕೆಂಡ ಹಾಯುವವರ ಬಡಿತದ ಏರಿಳಿತಕ್ಕೆ, ಸುಮ್ಮನೆ ನಿಂತು ನೋಡುತ್ತಿದ್ದ ಬಂಧುಮಿತ್ರರ ಬಡಿತ ಹೊಂದಿಕೆಯಾಗಿತ್ತು. ಸಂಬಂಧವಿಲ್ಲದ ಪ್ರವಾಸಿಗರದ್ದು ಹೊಂದಲಿಲ್ಲ. ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ಅಂಗಳದಲ್ಲಿ ಮನೆಯವರ ಕಣ್ಣಲ್ಲಿ ನೀರು ಬರುವಾಗ ಹೊರಗಿನಿಂದ ಬಂದವನು ಮೊಬೈಲ್ ಎತ್ತಿ ಹಿಡಿದಿರುತ್ತಾನಲ್ಲ, ಆ ವ್ಯತ್ಯಾಸ ನನಗೆ ಆಗ ಅರ್ಥವಾಯಿತು. ಆವೇಶವನ್ನು ಒಂದೇ ತಲೆಯೊಳಗೆ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ.

ಇನ್ನು ‘ಪೀನಿಯಲ್ ಗ್ರಂಥಿಯೇ ಮೂರನೇ ಕಣ್ಣು, ದೈವಶಕ್ತಿ ಇಳಿಯುವ ಬಾಗಿಲು’ ಎಂಬ ವಾಟ್ಸಾಪ್ ಪಂಡಿತರು. ಮೆದುಳಿನೊಳಗಿನ ಆ ಪುಟ್ಟ ಗ್ರಂಥಿ ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸುರಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಕೋಲದ ಚಪ್ಪರದಲ್ಲಿ ಕುರ್ಚಿ ಹಿಡಿದು ತೂಕಡಿಸುವವರಿಗೆ ಅದರ ಪ್ರತಾಪ ಚೆನ್ನಾಗಿಯೇ ಗೊತ್ತು.

“ಹಾಗಾದರೆ ದೈವ ಇಲ್ಲವೇ?” ಎಂದು ಪಟ್ಟು ಹಿಡಿಯುವವರೂ ಇದ್ದಾರೆ. ಎಂಡಾರ್ಫಿನ್ ಏರಿತು ಎಂಬುದು ನೋವು ಏಕೆ ತಟ್ಟಲಿಲ್ಲ ಎನ್ನುವುದಕ್ಕೆ ಉತ್ತರ. ಅಣ್ಣತಮ್ಮಂದಿರ ಜಾಗದ ತಕರಾರಿಗೆ ದೈವ ಕೊಟ್ಟ ನುಡಿ ನ್ಯಾಯವೋ ಅಲ್ಲವೋ ಎಂದು ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲ. ಅದನ್ನು ಕೇಳಲು ಬಂದವರನ್ನು ನಾನು ತರವಾಡಿನ ಹಿರಿಯರ ಹತ್ತಿರ ಕಳಿಸುತ್ತೇನೆ.